ಡಾಂಬರು, ನಾಲೆ ಏರಿ, ಬಂಡಿ ದಾರಿ: ಮೂರನ್ನೂ ನಡೆದು ನೋಡಿದ್ದು

ಕೊಟ್ಟೂರು ತೇರಿಗೆ ಪಾದಯಾತ್ರೆ ಹೋಗಿಬಂದ ಮೇಲೆ ದಾವಣಗೆರೆಯ ಪಾರ್ಕಿನಲ್ಲಿ ಸುತ್ತು ಹಾಕುವುದು ಸಪ್ಪೆ ಅನ್ನಿಸತೊಡಗಿತು. ಆಮೇಲಿನ ಒಂದು ವರ್ಷ ನಾನೂ ನನ್ನ ಷಡ್ಡಕನೂ ಬಿಡುವಾದಾಗಲೆಲ್ಲ ದಿನಕ್ಕೆ 20 ಕಿಲೋಮೀಟರ್ ಲೆಕ್ಕದಲ್ಲಿ ಮೂರು ಥರದ ದಾರಿ ಹಿಡಿದೆವು. ನನ್ನ ಓಟು ಬಂಡಿ ದಾರಿಗೆ, ಅವನದು ನಾಲೆಗೆ. ಜಗಳ ಇನ್ನೂ ಮುಗಿದಿಲ್ಲ.

ಡಾಂಬರಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ತೇರಿನ ದಿನಗಳಲ್ಲಿ ಅಣಜಿ ಮೇಲೆ ಹೋಗುವ ರಸ್ತೆಯಲ್ಲಿ ದಾರಿ ತಪ್ಪಬೇಕೆಂದರೂ ಆಗದು. ಮುಂದೆ ಜನ, ಹಿಂದೆ ಜನ, ಅಲ್ಲಲ್ಲಿ ಶಾಮಿಯಾನ, ಮಜ್ಜಿಗೆ, ಉಪ್ಪಿಟ್ಟು. ಅದೇ ರಸ್ತೆಯಲ್ಲಿ ಜೂನ್‌ನಲ್ಲಿ ನಡೆದೆವು. ನಾವು ಇಬ್ಬರೇ, ಲಾರಿಗೆ ಲೆಕ್ಕವಿಲ್ಲ. ಪಕ್ಕಕ್ಕೆ ಇಳಿಯೋಣವೆಂದರೆ ಬಳ್ಳಾರಿ ಜಾಲಿ.

ನಾಲೆ ಏರಿಗೆ ನಕ್ಷೆಯೇ ಬೇಡ. ಭದ್ರಾ ಬಲದಂಡೆಯ ದಾವಣಗೆರೆ ಶಾಖಾ ನಾಲೆಯಲ್ಲಿ ನೀರು ಹೋಗುವ ಕಡೆಗೆ ನಡೆದರೆ ನಮ್ಮೂರ ಕಡೆ, ಎದುರು ನಡೆದರೆ ಲಕ್ಕವಳ್ಳಿ ಅಣೆಕಟ್ಟಿನ ಕಡೆ. ಏರಿಳಿತವೂ ಇಲ್ಲ. ಆದರೆ ನೀರು ತಾನಾಗಿಯೇ ಹರಿಯಲೆಂದು ನಾಲೆಯನ್ನು ದಿಬ್ಬ ಬಳಸಿಕೊಂಡು ತೋಡಿರುತ್ತಾರೆ. ಕಣ್ಣೆದುರು ಕಾಣುವ ಊರಿಗೆ ಸುತ್ತಿ ಸುತ್ತಿ ಹೋಗಬೇಕು. ಇನ್ನೊಂದು ಮಾತು: ಜೀಪು ಓಡಾಡುವ ದಂಡೆ ಒಂದೇ. ಮೊದಲ ದಿನ ನಾವು ಆಚೆ ದಂಡೆ ಹಿಡಿದು, ಏರಿಗೆ ಅಡ್ಡ ಹಾಕಿದ ಪಂಪ್‌ಸೆಟ್ ಪೈಪುಗಳನ್ನು ದಾಟುತ್ತಾ, ಕೊನೆಗೆ ಮುಳ್ಳಿನ ಪೊದೆ ಎದುರಾಗಿ, ಸೇತುವೆ ಹುಡುಕಿಕೊಂಡು ಅಷ್ಟೂ ದೂರ ವಾಪಸ್ ಬಂದೆವು. ನೀರು ಬಿಟ್ಟಾಗಂತೂ ಅಂಚಿಗೆ ಹೋಗಬೇಡಿ. ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿರುತ್ತದೆ, ಬಿದ್ದವರಿಗೆ ಹಿಡಿದು ಹತ್ತಲು ಏನೂ ಸಿಗದು.

ಬಂಡಿ ದಾರಿ ಮಜಾ ಇರುವುದೇ ಹುಡುಕಾಟದಲ್ಲಿ. ಗೂಗಲ್ ಮ್ಯಾಪ್‌ಗೆ ಊರುಗಳು ಗೊತ್ತು, ಹೊಲದ ನಡುವಿನ ದಾರಿ ಅಷ್ಟಾಗಿ ಗೊತ್ತಿಲ್ಲ. ನಡಿಗೆಯ ಗುರುತು ಒತ್ತಿದರೂ ನಮ್ಮನ್ನು ಮತ್ತೆ ಡಾಂಬರಿಗೇ ತಂದು ನಿಲ್ಲಿಸಿತು. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಾದರೆ ಬಂಡಿ ದಾರಿ, ಕಾಲುದಾರಿ ಎರಡನ್ನೂ ಗೆರೆ ಎಳೆದು ತೋರಿಸಿರುತ್ತಾರೆ. ಅದನ್ನು ಇಳಿಸಿಕೊಂಡು, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಜತೆಗಿಟ್ಟುಕೊಂಡರೆ ಎಲ್ಲಿದ್ದೇವೆಂಬ ಗೊಂದಲವಿಲ್ಲ. ನಕಾಶೆ ಕಂಡ ದಾರಿಯಾದರೆ ಹೊಲದವರು ಮುಚ್ಚುವಂತಿಲ್ಲ. ನಕಾಶೆಯಲ್ಲಿಲ್ಲದ ರೂಢಿ ದಾರಿಯ ಕಥೆ ಬೇರೆ. 1882ರ ಈಸ್‌ಮೆಂಟ್ ಕಾಯ್ದೆ 20 ವರ್ಷ ತಡೆಯಿಲ್ಲದೆ ಬಳಸಿದ ದಾರಿಗೆ ಹಕ್ಕು ಕೊಡುತ್ತದೆ ನಿಜ, ಅದು ಆಚೆ ಹೊಲ ಇದ್ದವರಿಗೆ. ನಮ್ಮಂಥ ದಾರಿಹೋಕರು ಕೇಳಿಕೊಂಡೇ ಹೋಗಬೇಕು.

ಗೆರೆ ಇದ್ದ ಮಾತ್ರಕ್ಕೆ ದಾರಿ ಇರುತ್ತದೆಂದಲ್ಲ. ಒಂದು ಕಡೆ ದಾರಿಯ ಮೇಲೇ ಮೆಕ್ಕೆಜೋಳ ಆಳೆತ್ತರ ನಿಂತಿತ್ತು; ಬಾಂದು ಕಲ್ಲು ಒಂದೇ ಸಾಕ್ಷಿ. ಫೋನು ಹಿಡಿದು ಕಲ್ಲು ನೋಡುತ್ತಿದ್ದವರನ್ನು ಹೊಲದ ಯಜಮಾನರು ದೂರದಿಂದಲೇ ಕೂಗಿದರು: "ಯಾರ‍್ರೀ ಅದು? ಅಳತಿಗೆ ಬಂದೀರೇನು?"

"ಇಲ್ಲ ಯಜಮಾನ್ರೆ, ಸುಮ್ನೆ ನಡಿಯಾಕೆ ಬಂದೀವಿ."

"ಸುಮ್ನೆ ಯಾರಾರ ನಡೀತಾರೇನ್ರಿ?"

ಸರ್ವೆಯವರಲ್ಲ, ಸೈಟಿನ ಬ್ರೋಕರ್‌ಗಳೂ ಅಲ್ಲ ಎಂದು ನಂಬಿಸಲು ಅರ್ಧ ಗಂಟೆ ಹಿಡಿಯಿತು. ನಂಬಿದ ಮೇಲೆ ನೀರು ಕೊಟ್ಟು, ಹಂದಿಗೆಂದು ತಂತಿ ಎಳೆದ ಬದು ಯಾವುದೆಂದು ತೋರಿಸಿ, ಬೇರೆ ದಾರಿ ಹೇಳಿದರು. ಆ ತಂತಿ ಯಾವ ನಕ್ಷೆಯಲ್ಲೂ ಇಲ್ಲ. ಅಂದಿನಿಂದ ಹೊಲದ ಹತ್ತಿರ ಫೋನು ಜೇಬಿಗೆ, ಮೊದಲು ನಮಸ್ಕಾರ. ಮೆಕ್ಕೆಜೋಳ ಮುರಿದು, ಎರೆ ಮಣ್ಣು ಒಣಗಿದ ಮೇಲೆ, ಡಿಸೆಂಬರ್ ಹೊತ್ತಿಗೆ ಹೊರಟರೆ ಅರ್ಧ ತಾಪತ್ರಯ ಕಡಿಮೆ. ಮಳೆಗಾಲದಲ್ಲಿ ಚಪ್ಪಲಿಗೆ ಅಂಟುವ ಎರೆಯೇ ಎರಡು ಕೆಜಿ!

ಹಾಗೆಂದು ಬಾಯಿಮಾತೂ ಪೂರಾ ನಂಬುವಂಥದ್ದಲ್ಲ. "ದೊಡ್ ಬೇವಿನ ಮರ ಸಿಗ್ತೈತಿ, ಅಲ್ಲಿ ಎಡಕ್ ಹೊಳ್ಳಿ" ಅಂದರು ಅದೇ ಯಜಮಾನರು. ಮರ ಸಿಗಲೇ ಇಲ್ಲ. ಮುಂದೆ ಕುರಿ ಕಾಯುತ್ತಿದ್ದ ಹುಡುಗನನ್ನು ಕೇಳಿದೆವು. "ಅದ್ನ ಕಡ್ದು ಮೂರು ವರ್ಷ ಆತಲ್ರಿ. ನೀವು ನಿಂತಿರೋದೇ ಬೇವಿನ ಮರ" ಅಂದ.