ಗೂಗಲ್ ಬಿಸಿನೆಸ್ ಪ್ರೊಫೈಲ್: ಸಣ್ಣ ಬೇಕರಿಗೆ ವರ್ಷಗಟ್ಟಲೆ ಬಳಸಿದ ಮೇಲೆ (5ಕ್ಕೆ 3.5)

ಗೂಗಲ್ ಸರ್ಚ್ ಮತ್ತು ಮ್ಯಾಪ್ಸ್ ಎರಡರಲ್ಲೂ ಅಂಗಡಿಯ ಹೆಸರು, ಜಾಗ, ವೇಳೆ, ರಿವ್ಯೂ ತೋರಿಸುವ ಪುಟ ಇದು. 2021ರ ನವೆಂಬರ್‌ವರೆಗೆ ಇದರ ಹೆಸರು ಗೂಗಲ್ ಮೈ ಬಿಸಿನೆಸ್. ಆಗ ಬೇರೆ ಆ್ಯಪ್ ಇತ್ತು, ಈಗ ಎಲ್ಲ ಕೆಲಸವೂ ಸರ್ಚ್ ಮತ್ತು ಮ್ಯಾಪ್ಸ್ ಒಳಗೇ ಆಗುತ್ತದೆ. ಪೂರ್ತಿ ಉಚಿತ. "ಗೂಗಲ್‌ನಿಂದ ಮಾತಾಡ್ತಿದ್ದೀವಿ ಸರ್, ವೆರಿಫೈ ಮಾಡೋಕೆ ಎರಡು ಸಾವಿರ ಆಗುತ್ತೆ" ಎಂದು ಫೋನ್ ಬಂದರೆ ಇಟ್ಟುಬಿಡಿ. ವೆರಿಫಿಕೇಶನ್‌ಗೆ (ಅಂಗಡಿ ನಿಮ್ಮದೇ ಎಂದು ಗೂಗಲ್ ಖಚಿತಪಡಿಸಿಕೊಳ್ಳುವುದಕ್ಕೆ) ಶುಲ್ಕವೇ ಇಲ್ಲ. ಓಟಿಪಿ ಹೇಳಿದಿರೋ, ಪ್ರೊಫೈಲ್ ಅವರ ಕೈಗೆ ಹೋದಂತೆ.

ವೆರಿಫಿಕೇಶನ್ ಈಗ ಹೆಚ್ಚಾಗಿ ವಿಡಿಯೊ ಮೂಲಕ. ನಡುವೆ ನಿಲ್ಲಿಸದೆ, ಎಡಿಟ್ ಮಾಡದೆ ಒಂದೇ ಸಲಕ್ಕೆ ತೆಗೆಯಬೇಕು: ರಸ್ತೆ ಮತ್ತು ಅಕ್ಕಪಕ್ಕದ ಅಂಗಡಿ, ನಿಮ್ಮ ಬೋರ್ಡು, ಷಟರ್‌ನ ಬೀಗ ತೆಗೆಯುವುದು, ಒಳಗೆ ಒವನ್, ಗಲ್ಲಾಪೆಟ್ಟಿಗೆ. ಬೋರ್ಡಿನ ಮೇಲೆ ಒಂದು ಹೆಸರು, ಪ್ರೊಫೈಲಿನಲ್ಲಿ ಇನ್ನೊಂದು ಇದ್ದರೆ ಇಲ್ಲೇ ಎಡವುತ್ತದೆ.

ಹೆಸರಿನ ವಿಷಯದಲ್ಲೇ ಹೆಚ್ಚು ಜನ ಪೆಟ್ಟು ತಿನ್ನುವುದು. "ಶ್ರೀ ಮಂಜುನಾಥ ಬೇಕರಿ" ಎಂದಿದ್ದುದನ್ನು "ಶ್ರೀ ಮಂಜುನಾಥ ಬೇಕರಿ ಬೆಸ್ಟ್ ಬರ್ತ್‌ಡೇ ಕೇಕ್ ಶಾಪ್" ಎಂದು ಉದ್ದ ಮಾಡಿದರೆ ಸರ್ಚ್‌ನಲ್ಲಿ ಮೇಲೆ ಬರಬಹುದು ಎಂಬ ಆಸೆ. ಇದು ನಿಯಮದ ಉಲ್ಲಂಘನೆ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್ ಅಮಾನತಾಗಬಹುದು. ಮೇಲ್ಮನವಿ ಹಾಕಲು ಕೂರುವ ಮೊದಲೇ ಅಂಗಡಿ ಲೈಸೆನ್ಸ್, ಜಿಎಸ್‌ಟಿ ಸರ್ಟಿಫಿಕೇಟ್, ಕರೆಂಟ್ ಬಿಲ್ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಪುರಾವೆಯ ಫಾರ್ಮ್ ತೆರೆದ ಮೇಲೆ ಸಿಗುವುದು 60 ನಿಮಿಷ ಅಷ್ಟೆ. ಕೇಕ್ ವಿಷಯ ಹೇಳಲೇಬೇಕಿದ್ದರೆ ಅದಕ್ಕೆ ಕೆಟಗರಿ ಇದೆ (ಮುಖ್ಯ ಒಂದು, ಹೆಚ್ಚುವರಿ ಒಂಬತ್ತು), 750 ಅಕ್ಷರಗಳ ವಿವರಣೆಯೂ ಇದೆ.

ಮ್ಯಾಪಿನ ಪಿನ್ ಹಿಂದಿನ ಕ್ರಾಸಿನಲ್ಲಿ ಬಿದ್ದಿದ್ದರೆ ಸ್ಯಾಟಲೈಟ್ ನೋಟಕ್ಕೆ ಹೋಗಿ ಬಾಗಿಲ ಮುಂದಕ್ಕೇ ಎಳೆದಿಡಿ. ಹಬ್ಬದ ವೇಳೆಯನ್ನು "ಸ್ಪೆಷಲ್ ಅವರ್ಸ್"ನಲ್ಲಿ ಹಾಕಿ. ಆಯುಧ ಪೂಜೆಯ ದಿನ ಮಧ್ಯಾಹ್ನಕ್ಕೇ ಬಾಗಿಲು ಹಾಕಿ, ಮ್ಯಾಪಿನಲ್ಲಿ "ರಾತ್ರಿ 9ರವರೆಗೆ ತೆರೆದಿದೆ" ಎಂದಿದ್ದರೆ ಅಲ್ಲಿವರೆಗೆ ಬಂದು ಹೋದವನು ಒಂದು ಸ್ಟಾರ್ ಕೊಡುವುದರಲ್ಲಿ ತಪ್ಪೇನಿಲ್ಲ.

ಇನ್ನು ರಿವ್ಯೂ. ಲೆಕ್ಕ ಮೊದಲು ನೋಡಿ. ಒಂಬತ್ತು ಜನ 5 ಕೊಟ್ಟಿದ್ದಾರೆ, ಹತ್ತನೆಯವರು 1 ಕೊಟ್ಟರು, ಸರಾಸರಿ 4.6ಕ್ಕೆ ಇಳಿಯಿತು. ಅದು 4.8ಕ್ಕೆ ಏರಬೇಕಾದರೆ ಇನ್ನೂ ಹತ್ತು ಜನ 5 ಕೊಡಬೇಕು. ಈ ಗಾಬರಿಯನ್ನೇ ಬಂಡವಾಳ ಮಾಡಿಕೊಂಡು ರಿವ್ಯೂ ಮಾರುವ ಏಜೆಂಟರು ಬರುತ್ತಾರೆ. ಕೊಂಡ ರಿವ್ಯೂ ಗುರುತಿಸುವುದು ಗಿರಾಕಿಗೆ ಕಷ್ಟವಲ್ಲ: ಒಂದೇ ವಾರದಲ್ಲಿ ಮೂವತ್ತು, ಎಲ್ಲವೂ "ವೆರಿ ಗುಡ್ ಸರ್ವೀಸ್", ಬೆಣ್ಣೆ ಬಿಸ್ಕತ್ತಿನ ಸುದ್ದಿಯೇ ಇಲ್ಲ. ಬರೆದವನ ಹೆಸರು ಒತ್ತಿದರೆ ಅದೇ ವಾರ ಅವನು ಇನ್ನೆರಡು ರಾಜ್ಯಗಳ ದಂತ ವೈದ್ಯರನ್ನೂ ಪ್ಯಾಕರ್ಸ್‌ ಮೂವರ್ಸ್‌ನವರನ್ನೂ ಹೊಗಳಿರುತ್ತಾನೆ. ಸಿಕ್ಕಿಬಿದ್ದರೆ ಗೂಗಲ್ ಅವನ್ನು ತೆಗೆದುಹಾಕುವುದಷ್ಟೇ ಅಲ್ಲ, ಕೆಲಕಾಲ ಹೊಸ ರಿವ್ಯೂ ಬರದಂತೆ ತಡೆಯಬಹುದು, ಇರುವುದನ್ನೂ ಮರೆಮಾಡಬಹುದು. ಆಗ ನಿಜವಾದ ಗಿರಾಕಿಗಳು ಬರೆದದ್ದೂ ಹೋಗುತ್ತದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿದೆ. ದುಡ್ಡು ಕೊಟ್ಟು ಬರೆಸಿದ ವಿಮರ್ಶೆಗೆ ಅದರಲ್ಲೂ ಜಾಗವಿಲ್ಲ.

"ರಿವ್ಯೂ ಬರೆದರೆ ಒಂದು ಪಫ್ಸ್ ಫ್ರೀ" ಅನ್ನುವುದೂ ನಿಯಮಕ್ಕೆ ವಿರುದ್ಧ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ ಅಷ್ಟೆ. ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ ಗಲ್ಲಾದ ಪಕ್ಕ ಅಂಟಿಸಿ, ಬರೆಯುವವರು ಬರೆಯಲಿ.

ಕೆಟ್ಟ ರಿವ್ಯೂ ನಿಯಮ ಮೀರಿಲ್ಲದಿದ್ದರೆ ಎಷ್ಟು ರಿಪೋರ್ಟ್ ಮಾಡಿದರೂ ಹೋಗುವುದಿಲ್ಲ. ಉಳಿದದ್ದು ಉತ್ತರ. "ಖಾರ ಬಿಸ್ಕತ್ತು ಮೆತ್ತಗಾಗಿತ್ತು" ಎಂಬ ದೂರಿಗೆ "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು" ಎಂದರೆ ಓದಿದವರಿಗೆ ಇನ್ನಷ್ಟು ಸಿಟ್ಟು. ಹೀಗೆ ಬರೆದು ನೋಡಿ: "ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಪದೇಪದೇ ತೆಗೆದು ಹಾಗಾಗಿತ್ತು, ತಪ್ಪು ನಮ್ಮದೇ. ಈಗ ಬೆಳಿಗ್ಗೆಯೇ 200 ಗ್ರಾಂ ಪ್ಯಾಕೆಟ್ ಮಾಡಿ ಸೀಲ್ ಹಾಕುತ್ತಿದ್ದೇವೆ." ಮಾಡದಿದ್ದರೆ ಮಾತ್ರ ಬರೆಯಬೇಡಿ, ಮುಂದಿನ ಗಿರಾಕಿ ಬಂದು ಪ್ಯಾಕೆಟ್ಟನ್ನೇ ಕೇಳುತ್ತಾನೆ.

ಅಂಕ ಕಳೆದದ್ದೇಕೆ? ಚಾಟ್ ಸೌಲಭ್ಯವನ್ನು 2024ರ ಜುಲೈನಲ್ಲಿ ತೆಗೆದರು. ಗೂಗಲ್ ಕೊಡುತ್ತಿದ್ದ ಉಚಿತ ವೆಬ್‌ಸೈಟ್ ಅದಕ್ಕೂ ಮೊದಲೇ, ಮಾರ್ಚ್‌ನಲ್ಲಿ ಹೋಯಿತು. ಅದನ್ನೇ ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದವರ ಗತಿ ಊಹಿಸಿಕೊಳ್ಳಿ. ಗಿರಾಕಿ ಹಾಕಿದ ಫೋಟೊ ನಾವು ಅಳಿಸುವಂತಿಲ್ಲ: ನಾಲ್ಕು ವರ್ಷ ಹಿಂದಿನ ರೇಟ್ ಬೋರ್ಡ್ ಹಾಗೇ ಉಳಿದು "ಆನ್‌ಲೈನ್‌ನಲ್ಲಿ ಹತ್ತು ರೂಪಾಯಿ ಅಂತಿದೆ" ಎಂದು ಜಗಳ. ದರ ಬದಲಾದಾಗಲೆಲ್ಲ ದಿನಾಂಕ ಬರೆದ ಹೊಸ ಬೋರ್ಡಿನ ಫೋಟೊ ಹಾಕುವುದೇ ಇದಕ್ಕಿರುವ ಮದ್ದು. ಪ್ರೊಫೈಲಿನ ವರದಿಯಲ್ಲಿ ಕಾಣುವ "ಕಾಲ್ಸ್" ಅಂದರೆ ಬಟನ್ ಒತ್ತಿದವರ ಲೆಕ್ಕ, ಮಾತಾಡಿದವರದ್ದಲ್ಲ. ಪ್ರೊಫೈಲ್ ನೋಡಿಕೊಳ್ಳುವ ಏಜೆಂಟ್ ಆ ಸಂಖ್ಯೆ ತೋರಿಸಿ ಬಿಲ್ ಕೊಟ್ಟರೆ ನಿಮ್ಮ ಫೋನಿನ ಕಾಲ್ ಲಿಸ್ಟ್ ಪಕ್ಕದಲ್ಲಿಟ್ಟು ನೋಡಿ.

ಮನೆಯಲ್ಲೇ ಹೋಳಿಗೆ, ಚಕ್ಕುಲಿ ಮಾಡಿ ತಲುಪಿಸುವವರು ವಿಳಾಸ ಮುಚ್ಚಿಟ್ಟು 20 ಜಾಗಗಳವರೆಗೆ ಸರ್ವೀಸ್ ಏರಿಯಾ ಹಾಕಬಹುದು. ನಿಜವಾಗಿ ಎಲ್ಲಿಗೆ ಕೊಂಡೊಯ್ದು ಕೊಡುತ್ತೀರೋ ಅಷ್ಟನ್ನೇ ಹಾಕಿ. ಮೈಸೂರಿನಲ್ಲಿ ಕೂತು ಬೆಳಗಾವಿ ಸೇರಿಸಿದರೆ ಬರುವುದು ಆರ್ಡರ್ ಅಲ್ಲ, ಬೈಗುಳ.