ಹನ್ನೆರಡು ಪಾಠಗಳ ಸಂಡೇ ಸ್ಕೂಲ್ ಕಿಟ್: ಸೆರೆಮನೆಯ ಪಾಠ ಚೆನ್ನಾಗಿದೆ, ಯೋಬನ ಪಾಠ ಮತ್ತೆ ಬರೆಯಬೇಕು

ಕಷ್ಟದಲ್ಲೂ ಅಲುಗದ ನಂಬಿಕೆಯನ್ನು ಮಕ್ಕಳಿಗೆ ಕಲಿಸಲೆಂದೇ ಮಾಡಿದ ಕಿಟ್ ಇದು. ಟೀಚರ್ ಪುಸ್ತಕ, 12 ದೊಡ್ಡ ಚಿತ್ರಪಟ, ಬಾಯಿಪಾಠದ ವಚನಗಳ ಕಾರ್ಡು, ಮಕ್ಕಳಿಗೆ ಒಂದೊಂದು ಅಭ್ಯಾಸ ಪುಸ್ತಕ. ಎಂಟರಿಂದ ಹನ್ನೊಂದು ವರ್ಷದ ಒಂಬತ್ತು ಮಕ್ಕಳಿಗೆ ಮೂರು ತಿಂಗಳು ಇದನ್ನೇ ಹಿಡಿದು ಕಲಿಸಿದೆ. ಆ ಒಂಬತ್ತರಲ್ಲಿ ಒಬ್ಬ ಹುಡುಗನ ತಂದೆ ಕಿಟ್ ಬರುವುದಕ್ಕೆ ಎರಡು ತಿಂಗಳ ಮುಂಚೆ ತೀರಿಕೊಂಡಿದ್ದರು. ಅವರಿಗೋಸ್ಕರ ಸಭೆಯೆಲ್ಲ ಪ್ರಾರ್ಥಿಸಿತ್ತು, ಈ ಮಕ್ಕಳೂ ಮೊಣಕಾಲೂರಿದ್ದರು. ಹಾಗಾಗಿ ಪ್ರತಿ ಶನಿವಾರ ರಾತ್ರಿ ಮರುದಿನದ ಪಾಠ ಓದುವಾಗ ನನಗಿದ್ದದ್ದು ಒಂದೇ ಪ್ರಶ್ನೆ: ಇದನ್ನು ಆ ಹುಡುಗನ ಮುಖ ನೋಡಿಕೊಂಡು ಹೇಳಬಹುದಾ?

ಒಂಬತ್ತನೇ ಪಾಠವನ್ನು ಧೈರ್ಯವಾಗಿ ಹೇಳಬಹುದು. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಮತ್ತು ಸೀಲ ಫಿಲಿಪ್ಪಿ ಪಟ್ಟಣದ ಸೆರೆಮನೆಯಲ್ಲಿ ಹಾಡಿದ ರಾತ್ರಿ. ಚಿತ್ರ ಬರೆದವರು ಏನನ್ನೂ ಮುಚ್ಚಿಟ್ಟಿಲ್ಲ. ಬೆನ್ನ ಮೇಲೆ ಬಾಸುಂಡೆ, ಕಾಲಿಗೆ ಕೋಳ, ಸುತ್ತಲೂ ಕತ್ತಲೆ, ಬಾಗಿಲು ಭದ್ರವಾಗಿ ಮುಚ್ಚಿದೆ. ಆಮೇಲೆ ಆ ಬಾಗಿಲು ತೆರೆಸುವ ಭೂಕಂಪದ ಚಿತ್ರ ಇಲ್ಲವೇ ಇಲ್ಲ. ಭೂಕಂಪಕ್ಕೆ ಹೋಗುವ ಮುಂಚೆ ಇಲ್ಲೇ ನಿಂತು ಮಕ್ಕಳನ್ನು ಕೇಳಿ ಎಂದು ಟೀಚರ್ ಪುಸ್ತಕ ಹೇಳುತ್ತದೆ: ಬಾಗಿಲು ಇನ್ನೂ ತೆರೆದಿಲ್ಲ, ಇವರು ಯಾಕೆ ಹಾಡ್ತಿದ್ದಾರೆ? ನಾನು ಲೈಟ್ ಆರಿಸಿದೆ. ಕತ್ತಲಲ್ಲೇ ಎಲ್ಲರೂ ಒಂದು ಹಾಡು ಹಾಡಿದೆವು. ಸ್ವಲ್ಪ ಹೊತ್ತು ಬಿಟ್ಟು ಅತಿ ಚಿಕ್ಕವಳು, "ಕತ್ತಲೆ ಅಂತ ದೇವರಿಗೆ ಗೊತ್ತಿದೆ ಅಲ್ವಾ ಟೀಚರ್" ಅಂದಳು. ಬಾಗಿಲು ತೆರೆದ ಮೇಲೂ ಅವರಿಬ್ಬರು ಓಡಿಹೋಗಲಿಲ್ಲ ಅಂದಾಗ ಮಕ್ಕಳಿಗೆ ಭೂಕಂಪಕ್ಕಿಂತ ಅದೇ ದೊಡ್ಡ ಆಶ್ಚರ್ಯ.

ಶದ್ರಕ್, ಮೇಶಕ್, ಅಬೇದ್‌ನೆಗೋ ಪಾಠದ ಚಟುವಟಿಕೆಯೂ ಚೆನ್ನಾಗಿದೆ. ತಾನು ನಿಲ್ಲಿಸಿದ ಪ್ರತಿಮೆಗೆ ಅಡ್ಡಬೀಳದ ಈ ಮೂವರನ್ನು ಅರಸನು ಬೆಂಕಿಯ ಕುಲುಮೆಗೆ ಹಾಕಿಸುವ ಕಥೆ. ಆ ಪ್ರತಿಮೆ 60 ಮೊಳ ಎತ್ತರ, 6 ಮೊಳ ಅಗಲ. ಮಕ್ಕಳು ತಮ್ಮ ಕೈಯಿಂದಲೇ ನೆಲದ ಮೇಲೆ ಆ ಆರು ಮೊಳ ಅಳೆಯುತ್ತಾರೆ, ಇದರ ಹತ್ತರಷ್ಟು ಎತ್ತರ ಅಂದಾಗ ಕತ್ತೆತ್ತಿ ನೋಡುತ್ತಾರೆ. ಆದರೆ ಬಾಯಿಪಾಠದ ಕಾರ್ಡಿನಲ್ಲಿ ಇರುವುದು ದಾನಿಯೇಲ 3:17 ಮಾತ್ರ, ನಮ್ಮ ದೇವರು ಬಿಡಿಸಲು ಶಕ್ತನು ಎಂಬ ವಚನ. ಅದರ ಮುಂದಿನದೇ ಇಲ್ಲ. ಬಿಡಿಸದೆ ಹೋದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎಂದು ಆ ಮೂವರು ಹೇಳಿದ್ದು 18ನೇ ವಚನದಲ್ಲಿ. ಈ ಕಿಟ್‌ನ ವಿಷಯವೇ ಆ ವಚನ! ಒಂಬತ್ತು ಕಾರ್ಡಿನ ಹಿಂದೆಯೂ ಕೂತು ಕೈಯಲ್ಲಿ ಬರೆದೆ.

ಆಸ್ತಿಯನ್ನೂ ಮಕ್ಕಳನ್ನೂ ಕಳೆದುಕೊಂಡ ಯೋಬನ ಪಾಠ ನನಗೆ ನಿಜವಾಗಿ ನೋವು ಕೊಟ್ಟಿತು. ಎರಡನೇ ಅಧ್ಯಾಯದಿಂದ ನೇರ ಕೊನೆಯ 42ಕ್ಕೆ ಜಿಗಿಯುತ್ತದೆ. ಅಭ್ಯಾಸ ಪುಸ್ತಕದಲ್ಲಿ ಕುರಿಗಳಿಗೆ ಬಣ್ಣ ಹಚ್ಚಬೇಕು, ಆಮೇಲೆ ಬಿಟ್ಟ ಸ್ಥಳ ತುಂಬಬೇಕು: ಯೋಬನು ನಂಬಿದ್ದರಿಂದ ಕಳೆದುಕೊಂಡದ್ದೆಲ್ಲ ಅವನಿಗೆ ಡ್ಯಾಶ್ ಸಿಕ್ಕಿತು. ಉತ್ತರ, ಎರಡರಷ್ಟು. ಲೆಕ್ಕದಲ್ಲಿ ಚುರುಕಾದ ಒಬ್ಬ ಹುಡುಗಿ ಬೈಬಲ್ ತೆರೆದು ಎಣಿಸಿದಳು. ಕುರಿ 7,000 ಇದ್ದದ್ದು 14,000 ಆಯಿತು, ಒಂಟೆ 3,000 ಇದ್ದದ್ದು 6,000. "ಮಕ್ಕಳು ಮಾತ್ರ ಮೊದಲೂ ಹತ್ತು, ಆಮೇಲೂ ಹತ್ತೇ. ಆ ಮೊದಲಿನ ಹತ್ತು ಜನ ವಾಪಸ್ ಬಂದ್ರಾ ಟೀಚರ್?"

ತಂದೆಯಿಲ್ಲದ ಆ ಹುಡುಗ ಕ್ರೇಯಾನ್ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ. ಬರಲಿಲ್ಲ ಅಂತ ಹೇಳಿದೆ. ಅಭ್ಯಾಸ ಪುಸ್ತಕ ಮುಚ್ಚಿಸಿ ಮೂರನೇ ಅಧ್ಯಾಯ ಓದಿದೆ, ತಾನು ಹುಟ್ಟಿದ ದಿನವನ್ನೇ ಯೋಬ ಶಪಿಸುವ ಭಾಗ. ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಾಡದೆ ಅವನ ಜೊತೆ ಕೂತದ್ದನ್ನು ಹೇಳಿದೆ. ಇಷ್ಟೆಲ್ಲ ಕೂಗಾಡಿದ ಯೋಬನೇ ಸರಿಯಾಗಿ ಮಾತಾಡಿದ, ನೀವಲ್ಲ ಎಂದು ಕೊನೆಗೆ ದೇವರು ಆ ಸ್ನೇಹಿತರಿಗೆ ಹೇಳಿದ್ದನ್ನೂ ಹೇಳಿದೆ. ಅಳುವುದು, ದೇವರನ್ನೇ ಪ್ರಶ್ನೆ ಕೇಳುವುದು ನಂಬಿಕೆ ಬಿಟ್ಟಂತಲ್ಲ ಅನ್ನುವುದು ಮಗುವಿನ ಕಿವಿಗೆ ಬೀಳಲೇಬೇಕು. ಕಿಟ್‌ನಲ್ಲಿ ಅದಕ್ಕೊಂದು ಸಾಲಿನ ಜಾಗವೂ ಇಲ್ಲ.

ಸಭೆ ಪ್ರಾರ್ಥಿಸುತ್ತಿರುವಾಗ ಯೇಸುವಿನ ಶಿಷ್ಯ ಪೇತ್ರ ಸೆರೆಮನೆಯಿಂದ ಬಿಡುಗಡೆಯಾಗುವ ಪಾಠದಲ್ಲೂ ಇದೇ ತಪ್ಪು. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯದ ಎರಡನೇ ವಚನದಲ್ಲೇ ಅರಸ ಹೆರೋದನು ಇನ್ನೊಬ್ಬ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಕಿಟ್ ಐದನೇ ವಚನದಿಂದ ಶುರುಮಾಡುತ್ತದೆ. ನಾನು ಒಂದರಿಂದ ಓದಿದೆ. ಆ ಹುಡುಗ ಕೈಯೆತ್ತಿ, "ಯಾಕೋಬನಿಗೋಸ್ಕರ ಯಾರೂ ಪ್ರಾರ್ಥನೆ ಮಾಡಿರ್ಲಿಲ್ವಾ?" ಅಂದ. ಮಾಡಿರುತ್ತಾರೆ ಕಂದ, ಆದರೆ ಒಬ್ಬರು ಯಾಕೆ ಹೋದರು, ಒಬ್ಬರು ಯಾಕೆ ಉಳಿದರು ಅಂತ ಬೈಬಲ್ ಹೇಳುವುದಿಲ್ಲ, ನನಗೂ ಗೊತ್ತಿಲ್ಲ ಅಂದೆ. ಸತ್ತ ಸ್ನೇಹಿತ ಲಾಜರನನ್ನು ಎಬ್ಬಿಸಲು ಹೊರಟಿದ್ದ ಯೇಸುವೇ ದಾರಿಯಲ್ಲಿ ಅತ್ತನಲ್ಲ, ಅದನ್ನು ನೆನಪಿಸಿದೆ. ತಲೆಯಾಡಿಸಿದ. ಆಮೇಲೆ ಕಿರುನಾಟಕದಲ್ಲಿ ಬಿಡುಗಡೆಯಾಗಿ ಬಂದು ಬಾಗಿಲು ತಟ್ಟುವ ಪೇತ್ರ ತಾನೇ ಆಗ್ತೀನಿ ಅಂತ ಹಟ ಹಿಡಿದ.

ಕಾಗದ ದಪ್ಪಗಿದೆ, ಬಣ್ಣ ಕೈಗೆ ಹತ್ತುವುದಿಲ್ಲ. ಭಾಷೆ ಸರಳ, ಎಂಟು ವರ್ಷದವರೂ ತಾವೇ ಓದಿಕೊಂಡರು. ಅದಕ್ಕಿಂತ ಚಿಕ್ಕವರಿಗೆ ಬೇಡ, ಬಾಸುಂಡೆಯ ಚಿತ್ರಕ್ಕೆ ಹೆದರಬಹುದು.

ಕೊಳ್ಳಿ, ಆದರೆ ಟೀಚರ್ ಪುಸ್ತಕದ ಪಕ್ಕದಲ್ಲಿ ಬೈಬಲ್ ತೆರೆದಿಟ್ಟುಕೊಂಡು, ಪ್ರತಿ ಪಾಠದ ಹಿಂದುಮುಂದಿನ ವಚನಗಳನ್ನು ಓದಿಕೊಂಡೇ ತರಗತಿಗೆ ಹೋಗಿ. ಯೋಬನ ವಾರ ಅಭ್ಯಾಸ ಪುಸ್ತಕ ಹಂಚಬೇಡಿ. ಬದಲಿಗೆ 13ನೇ ಕೀರ್ತನೆ ತೆಗೆದುಕೊಳ್ಳಿ. ಆರೇ ವಚನ. ಇನ್ನೆಷ್ಟು ಕಾಲ ಎಂಬ ಗೋಳಿನಿಂದ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. ನಮ್ಮ ಮಕ್ಕಳು ಒಂದೊಂದು ಹಾಳೆಯಲ್ಲಿ ತಮ್ಮದೇ "ಇನ್ನೆಷ್ಟು ಕಾಲ" ಬರೆದರು. ಆ ಹುಡುಗ ತನ್ನ ಹಾಳೆಯನ್ನು ನಾಲ್ಕಾಗಿ ಮಡಚಿ ಬೈಬಲ್ ಒಳಗಿಟ್ಟುಕೊಂಡ. ನಾನು ಓದಲು ಕೇಳಲಿಲ್ಲ.