ಪೋಕರ್ ಕಲಿಸುವ ಪುಸ್ತಕಗಳು: ಪಕ್ಕದಲ್ಲಿ ಇಸ್ಪೀಟು ಕಟ್ಟು ಇರಲಿ

ಪೋಕರ್ ಏನೇನೂ ಗೊತ್ತಿಲ್ಲದವರಿಗೆ ಅಂತ ಬರೆದ ಮೂರು ಪುಸ್ತಕಗಳು ನನ್ನ ಹತ್ತಿರ ಇವೆ. ಮೂರೂ ಟೆಕ್ಸಸ್ ಹೋಲ್ಡೆಮ್ ಆಟದ್ದೇ, ಅಂದರೆ ಪ್ರತಿಯೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ (ಮೊದಲು ಮೂರು, ಆಮೇಲೆ ಒಂದೊಂದಾಗಿ ಎರಡು) ಬರುವ ಪೋಕರ್. ಬಹಳ ದಿನದಿಂದ ಓದುತ್ತಿದ್ದೇನೆ. ಫ್ಲಶ್ (ಒಂದೇ ಜಾತಿಯ ಐದು ಎಲೆ) ದೊಡ್ಡದೋ ಸ್ಟ್ರೈಟ್ (ಒಂದರ ಹಿಂದೊಂದು ಬರುವ ಐದು ಎಲೆ) ದೊಡ್ಡದೋ ಅನ್ನುವ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ನನಗೆ ಹಿಡಿಸಿದ್ದು ಅಧ್ಯಾಯದ ಕೊನೆಯಲ್ಲಿ ಬರುವ ಪ್ರಶ್ನೆಗಳು.

ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಪುಸ್ತಕ ತೆರೆದು ಪಕ್ಕದಲ್ಲಿ ಇಸ್ಪೀಟು ಕಟ್ಟು ಇಟ್ಟುಕೊಳ್ಳುತ್ತೇನೆ. ಉತ್ತರ ಕಣ್ಣಿಗೆ ಬೀಳದ ಹಾಗೆ ಆ ಸಾಲುಗಳ ಮೇಲೆ ಎರಡು ಜೋಕರ್ ಅಡ್ಡ ಇಡುತ್ತೇನೆ. ಈ ಆಟದಲ್ಲಿ ಜೋಕರ್‌ಗೆ ಬೇರೆ ಕೆಲಸ ಇಲ್ಲವಲ್ಲ! ಪ್ರಶ್ನೆ ಹೀಗಿರುತ್ತದೆ: ಕೈಯಲ್ಲಿ ಹಾರ್ಟ್ ಎಕ್ಕ, ಹಾರ್ಟ್ ಒಂಬತ್ತು. ಮೇಜಿನ ಮೇಲೆ ಹಾರ್ಟ್ ರಾಜ, ಹಾರ್ಟ್ ನಾಲ್ಕು, ಕಳಾವರ್ ಏಳು. ಎದುರಾಳಿ ದುಡ್ಡು ಕಟ್ಟಿದ್ದಾನೆ. ನೀವೇನು ಮಾಡುತ್ತೀರಿ? ನಾನು ಆ ಐದು ಎಲೆಗಳನ್ನು ಹುಡುಕಿ ಜೋಡಿಸುತ್ತೇನೆ. ಉಳಿದ ಕಟ್ಟಿನಿಂದ ಹಾರ್ಟ್ ಎಲೆಗಳನ್ನೆಲ್ಲ ಆರಿಸಿ ಸಾಲಾಗಿ ಇಡುತ್ತೇನೆ. ಒಂಬತ್ತು. ಇದರಲ್ಲಿ ಯಾವುದು ಬಂದರೂ ಫ್ಲಶ್ ಆಗುತ್ತದೆ. ಎದುರಾಳಿ ಕೈಯಲ್ಲಿ ಬರೀ ಒಂದು ರಾಜ ಇದ್ದರೆ, ಉಳಿದ ಮೂರು ಎಕ್ಕಗಳೂ ನನ್ನ ಕಡೆಗೇ, ಎಕ್ಕದ ಜೋಡಿ ರಾಜನ ಜೋಡಿಗಿಂತ ದೊಡ್ಡದಲ್ಲವೇ. ಆಗ ಹನ್ನೆರಡು. ಓದುವಾಗ ತಲೆಗೆ ಹತ್ತದ 'ಔಟ್ಸ್' (ಬಂದರೆ ನಮ್ಮನ್ನು ಗೆಲ್ಲಿಸುವ ಎಲೆಗಳು) ಲೆಕ್ಕ, ಎಲೆಗಳು ಕಣ್ಣೆದುರು ಬಿದ್ದಾಗ ಎಷ್ಟು ಸಲೀಸು ಅಂತೀರಿ!

ಒಂದು ಪುಟ್ಟ ತಕರಾರು. ಎರಡು ಎಕ್ಕ ಕೈಗೆ ಬರುವುದು ಸರಾಸರಿ 221 ಕೈಗೆ ಒಂದು ಸಲ. ಪುಸ್ತಕಗಳಲ್ಲಿ ಮಾತ್ರ ಹತ್ತು ಪುಟಕ್ಕೊಮ್ಮೆ ಬರುತ್ತವೆ.

ಅದನ್ನಾದರೂ ಸಹಿಸಬಹುದು. ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಅಗ್ಗಕ್ಕೆ ಸಿಗುತ್ತದೆಂದು ನಾನು ಕೊಳ್ಳುವುದು ಹಳೇ ಪುಸ್ತಕಗಳನ್ನೇ. ಮೊದಲ ಪುಸ್ತಕ ಇಂಥ ಪ್ರಶ್ನೆಗಳಿಗೆಲ್ಲ ಕಣ್ಣು ಮುಚ್ಚಿಕೊಂಡು 'ಕಾಲ್ ಮಾಡಿ', ಅಂದರೆ ಎದುರಾಳಿ ಕಟ್ಟಿದಷ್ಟೇ ಕಟ್ಟಿ ಆಟದಲ್ಲಿ ಉಳಿಯಿರಿ, ಅನ್ನುತ್ತದೆ. ಎರಡನೆಯದು ಹೆಚ್ಚೂಕಮ್ಮಿ ಅದೇ ಎಲೆಗಳಿಗೆ 'ಎಸೆದುಬಿಡಿ' ಅನ್ನುತ್ತದೆ. ಯಾರನ್ನು ನಂಬೋದು? ಕಾರಣ ಇಷ್ಟೇ: ಮೊದಲನೆಯದು ಬರೆದಿರುವುದು ಲಿಮಿಟ್ ಆಟಕ್ಕೆ, ಅಂದರೆ ಒಂದು ಸಲಕ್ಕೆ ಎಷ್ಟು ಕಟ್ಟಬೇಕು ಅನ್ನುವುದು ನಿಗದಿಯಾಗಿರುವ ಆಟಕ್ಕೆ. ಅಲ್ಲಿ ಪಾಟ್‌ನಲ್ಲಿ (ಎಲ್ಲರೂ ಕಟ್ಟಿದ ದುಡ್ಡಿನ ರಾಶಿಯಲ್ಲಿ) ಎಂಟು ಪಾಲು ಇರುವಾಗ ಒಂದು ಪಾಲು ಕೊಟ್ಟು ಮುಂದಿನ ಎಲೆ ನೋಡಬಹುದು, ಅಗ್ಗದ ಬಾಬತ್ತು. ಎರಡನೆಯದು ನೋ-ಲಿಮಿಟ್‌ಗೆ, ಅಂದರೆ ಕೈಲಿರುವಷ್ಟನ್ನೂ ಕಟ್ಟಬಹುದಾದ ಆಟಕ್ಕೆ. ಅಲ್ಲಿ ಪಾಟ್ 100 ಇದ್ದರೆ ಎದುರಾಳಿ ಇನ್ನೂ 100 ತಳ್ಳುತ್ತಾನೆ. 200 ಗೆಲ್ಲೋಕೆ ನೀವು 100 ಕೊಡಬೇಕು. ಒಂಬತ್ತು ಹಾರ್ಟ್‌ಗಳಲ್ಲಿ ಒಂದು ಮುಂದಿನ ಎಲೆಯಾಗಿ ಬರುವ ಸಾಧ್ಯತೆ ಶೇ. 19ರಷ್ಟು. ನಿಮಗೆ ಬೇಕಾದದ್ದು ಶೇ. 33, ಯಾಕೆಂದರೆ ಒಟ್ಟು 300ರಲ್ಲಿ 100 ನಿಮ್ಮದು. ಫ್ಲಶ್ ಬಿದ್ದ ಮೇಲೆ ಇನ್ನೂ ದೊಡ್ಡ ಮೊತ್ತ ಸಿಗುತ್ತದೆ ಅನ್ನುವ ನಂಬಿಕೆ ಇಲ್ಲದಿದ್ದರೆ ಕೊಡೋದು ಸುಮ್ನೆ ದಂಡ.

2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನುವ ಅಕೌಂಟೆಂಟ್, ಆನ್‌ಲೈನ್ ಪಂದ್ಯದಲ್ಲಿ ಗೆದ್ದು ವರ್ಲ್ಡ್ ಸೀರೀಸ್ ಆಫ್ ಪೋಕರ್‌ಗೆ ಹೋಗಿ, ನೋ-ಲಿಮಿಟ್ ಆಟದ ಮುಖ್ಯ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದರು. ಆಮೇಲೆ ಹೊಸಬರೆಲ್ಲ ನೋ-ಲಿಮಿಟ್ ಕಡೆಗೇ ವಾಲಿದರು. ಅದಕ್ಕೂ ಹಿಂದಿನ ಪುಸ್ತಕ ಕೊಳ್ಳುವವರು ಮೊದಲು ಒಳಪುಟ ತೆಗೆದು ಯಾವ ಆಟ ಅಂತ ನೋಡಿ. ನನ್ನ ಪುಸ್ತಕದ ಮುಖಪುಟದಲ್ಲಿ ಇದರ ಸುಳಿವೇ ಇಲ್ಲ. ಲಿಮಿಟ್ ಅನ್ನುವ ಮಾತು ಮೊದಲ ಸಲ ಬರುವುದು ಮೂರನೇ ಅಧ್ಯಾಯದಲ್ಲಿ, ಅದೂ ಒಂದೇ ಸಾಲು.

ಮೂರನೇ ಪುಸ್ತಕ ಬಂದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ತೆಳ್ಳಗಿದೆ, ಬಡಾಯಿ ಇಲ್ಲ. ಎರಡು ಎಲೆ ಬರುವುದು ಬಾಕಿ ಇದ್ದರೆ ಔಟ್ಸ್ ಅನ್ನು ನಾಲ್ಕರಿಂದ ಗುಣಿಸಿ, ಒಂದೇ ಎಲೆ ಬಾಕಿ ಇದ್ದರೆ ಎರಡರಿಂದ, ಬಂದದ್ದೇ ಶೇಕಡಾ ಸಾಧ್ಯತೆ ಅನ್ನುವ ಸೂತ್ರ ಎಲ್ಲರೂ ಕೊಡುತ್ತಾರೆ. ಆ ನಾಲ್ಕರ ಲೆಕ್ಕ ನಡೆಯುವುದು ನಡುವೆ ಮತ್ತೆ ದುಡ್ಡು ಕೊಡದೆ ಎರಡೂ ಎಲೆ ನೋಡಲು ಸಿಕ್ಕರೆ ಮಾತ್ರ ಅಂತ ಬಿಡಿಸಿ ಹೇಳಿದ್ದು ಇದೊಂದೇ. ಔಟ್ಸ್ ಜಾಸ್ತಿ ಇದ್ದಾಗ ಸೂತ್ರ ಉಬ್ಬುತ್ತದೆ ಅಂತಲೂ ಹೇಳಿದೆ: ಹದಿನೈದಕ್ಕೆ ಶೇ. 60 ತೋರಿಸುತ್ತದೆ, ನಿಜವಾಗಿ ಇರುವುದು 54.

ಮೂರೂ ಪುಸ್ತಕಗಳಲ್ಲಿ ನನಗೆ ಉಪಯೋಗವೇ ಆಗದ್ದು ಬ್ಲಫ್ ಅಧ್ಯಾಯ, ಅಂದರೆ ಕೆಟ್ಟ ಎಲೆ ಇಟ್ಟುಕೊಂಡೇ ದೊಡ್ಡ ಮೊತ್ತ ತಳ್ಳಿ ಎದುರಾಳಿಯನ್ನು ಹೆದರಿಸಿ ಎಲೆ ಎಸೆಯುವಂತೆ ಮಾಡುವುದು. ಪುಸ್ತಕಕ್ಕೆ ಬಿಟ್ಟರೆ ಈ ಆಟಕ್ಕೆ ನಾನು ಕಾಸು ಹಾಕುವುದಿಲ್ಲ. ಗೆಳೆಯರ ಜೊತೆ ಬರೀ ಪ್ಲಾಸ್ಟಿಕ್ ಚಿಪ್ಸ್ ಇಟ್ಟು ಆಡುತ್ತೇವೆ. ಕಳೆದುಕೊಳ್ಳೋಕೆ ಏನೂ ಇಲ್ಲ ಅಂದಮೇಲೆ ಎಲೆ ಎಸೆಯುವವರು ಯಾರು? ಎಷ್ಟೇ ತಳ್ಳಿದರೂ ಎಲ್ಲರೂ ಕಾಲ್ ಮಾಡುತ್ತಾರೆ, ಅಲ್ವಾ? ನೀವೂ ಹೀಗೇ ಆಡುವವರಾದರೆ ಆ ಪುಟಗಳನ್ನು ಹಾರಿಸಿ, ನೇರ ಪ್ರಶ್ನೆಗಳಿಗೆ ಹೋಗಿ.